ಅರ್ಧ ಅಡುಗೆ ಪಬ್ಬಿನಲ್ಲೇ: ಇಂಗ್ಲೆಂಡಿನ ಕ್ಯಾಸ್ಕ್ ಏಲ್ ಅಂದರೆ ಏನು, ಸವಿಯುವುದು ಹೇಗೆ?

ಓದುವುದಕ್ಕೋ ಕೆಲಸಕ್ಕೋ ಇಂಗ್ಲೆಂಡಿಗೆ ಹೋದ ನಮ್ಮವರಿಗೆ ಮೊದಲ ತಿಂಗಳಲ್ಲೇ ಅಂಥದ್ದೊಂದು ಶುಕ್ರವಾರ ಸಂಜೆ ಬಂದೇ ಬರುತ್ತದೆ. ಆಫೀಸಿನವರು ‘ಪಬ್ಬಿಗೆ ಹೋಗೋಣ ಬಾ’ ಅನ್ನುತ್ತಾರೆ. ಅಲ್ಲಿ ಕೌಂಟರಿನ ಮೇಲೆ ಉದ್ದುದ್ದ ಮರದ ಹಿಡಿಗಳು ಸಾಲಾಗಿ ನಿಂತಿರುತ್ತವೆ. ಯಾರೋ ಒಬ್ಬರು ಅದರಲ್ಲೊಂದನ್ನು ತೋರಿಸಿ ‘ಇದನ್ನ ಕುಡಿದು ನೋಡು’ ಅನ್ನುತ್ತಾರೆ. ಕೈಗೆ ಬರುವುದು ದೊಡ್ಡ ಲೋಟದ ತುಂಬ ತಾಮ್ರದ ಬಣ್ಣದ ಬಿಯರ್. ಲೋಟದ ಹೊರಗೆ ತಣ್ಣಗಿನ ಹನಿ ಕಟ್ಟಿಲ್ಲ. ಒಳಗೆ ಗುಳ್ಳೆ ಚಿಮ್ಮುತ್ತಿಲ್ಲ. ಒಂದು ಗುಟುಕು ಕುಡಿದರೆ ಮಡಕೆ ನೀರಿನಷ್ಟು ತಂಪು, ಅಷ್ಟೇ. ಕಿಂಗ್‌ಫಿಶರ್‌ಗೆ ಒಗ್ಗಿದ ನಾಲಿಗೆ ಕೇಳುವ ಮೊದಲ ಪ್ರಶ್ನೆ: ‘ಇದು ಕೆಟ್ಟುಹೋಗಿದೆಯಾ?’

ನನಗೂ ಹಾಗೇ ಅನ್ನಿಸಿತ್ತು. ಕೆಟ್ಟಿರಲಿಲ್ಲ. ಅದು ಇರಬೇಕಾದದ್ದೇ ಹಾಗೆ. ಯಾಕೆ ಹಾಗಿರಬೇಕು ಅನ್ನುವುದು ಗೊತ್ತಾದರೆ ಎರಡನೇ ಗುಟುಕು ಬೇರೆಯೇ ಆಗುತ್ತದೆ. ಅದನ್ನೇ ಇಲ್ಲಿ ಬುಡದಿಂದ ಹೇಳುತ್ತೇನೆ.

ಮೊದಲು ಹೆಸರುಗಳು

ಬಿಯರ್ ಅನ್ನುವುದು ಕುಟುಂಬದ ಹೆಸರು. ಏಲ್ ಮತ್ತು ಲಾಗರ್ ಆ ಮನೆಯ ಎರಡು ಕವಲು. ಎರಡಕ್ಕೂ ಮುಖ್ಯವಾಗಿ ಬೇಕಾದದ್ದು ಬಾರ್ಲಿ, ನೀರು, ಹಾಪ್ಸ್, ಯೀಸ್ಟ್.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೇಕಾದಷ್ಟು ಹುರಿದರೆ ಅದು ಮಾಲ್ಟ್. ನಮ್ಮ ಮನೆಗಳಲ್ಲಿ ಮಗುವಿಗೆ ಮಾಡುವ ರಾಗಿ ಮಾಲ್ಟ್ ಇದೆಯಲ್ಲ, ಆ ಮಾಲ್ಟೂ ಇದೇ ಪದ, ಮಾಡುವ ರೀತಿಯೂ ಹೆಚ್ಚುಕಡಿಮೆ ಇದೇ. ಮೊಳಕೆ ಬಂದ ಕಾಳನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಗಂಟೆ ಹೊತ್ತು ಇಟ್ಟರೆ ಅದರ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಹಾಕಿ ಕುದಿಸುತ್ತಾರೆ. ಹಾಪ್ಸ್ ಒಂದು ಬಳ್ಳಿಯ ಹಸಿರು ಹೂವು. ಕಹಿ ಬರುವುದು ಅದರಿಂದ, ಪರಿಮಳದಲ್ಲೂ ಅದರ ಪಾಲು ದೊಡ್ಡದು, ಬಿಯರ್ ಬೇಗ ಕೆಡದಂತೆ ತಡೆಯುವುದೂ ಅದೇ. ಕುದಿಸಿದ್ದು ಆರಿದ ಮೇಲೆ ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ.

ಏಲ್‌ನ ಯೀಸ್ಟ್‌ಗೆ ಸ್ವಲ್ಪ ಬೆಚ್ಚಗಿರಬೇಕು, ಸುಮಾರು 20 ಡಿಗ್ರಿ. ಬೇಗ ಕೆಲಸ ಮಾಡುತ್ತದೆ, ಹಣ್ಣಿನಂಥ ಪರಿಮಳ ಬಿಟ್ಟುಹೋಗುತ್ತದೆ. ಲಾಗರ್‌ನ ಯೀಸ್ಟ್ 10 ಡಿಗ್ರಿಯ ಆಸುಪಾಸಿನಲ್ಲಿ ನಿಧಾನಕ್ಕೆ ದುಡಿಯುತ್ತದೆ, ರುಚಿ ತಿಳಿಯಾಗಿರುತ್ತದೆ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಬಿಯರ್ ಹೆಚ್ಚಿನದೆಲ್ಲ ಲಾಗರ್. ಹಾಗಾಗಿ ‘ಬಿಯರ್ ಅಂದರೆ ಹಳದಿ, ಚಳಿಚಳಿ, ಗುಳ್ಳೆ’ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಇನ್ನು ಕ್ಯಾಸ್ಕ್ ಅಂದರೆ ಪೀಪಾಯಿ. ಹಿಂದೆ ಓಕ್ ಮರದ್ದಿತ್ತು, ಈಗ ಹೆಚ್ಚಾಗಿ ಸ್ಟೀಲ್ ಅಥವಾ ಪ್ಲಾಸ್ಟಿಕ್. ಕೆಗ್ ಕೂಡ ಪೀಪಾಯಿಯೇ, ಆದರೆ ಅದರೊಳಗಿನ ಕತೆ ಬೇರೆ.

ಎರಡು ಮನೆ, ಒಂದೇ ಹಿಟ್ಟು

ಬೆಂಗಳೂರಿನಲ್ಲಿ ಅಂಗಡಿಯಿಂದ ರುಬ್ಬಿದ ಇಡ್ಲಿ ಹಿಟ್ಟು ತರುತ್ತೀರಿ. ಪಕ್ಕದ ಮನೆಯವರೂ ಅದೇ ಅಂಗಡಿಯ ಅದೇ ಹಿಟ್ಟು ತರುತ್ತಾರೆ. ಬೆಳಗ್ಗೆ ಅವರ ಇಡ್ಲಿ ಹೂವಿನ ಹಾಗೆ, ನಿಮ್ಮದು ಕಲ್ಲಿನ ಹಾಗೆ. ಅಂಗಡಿಯವನ ತಪ್ಪಲ್ಲ. ಹಿಟ್ಟು ಉಬ್ಬುವ ಕೆಲಸ ನಿಮ್ಮ ಅಡುಗೆಮನೆಯಲ್ಲಿ ಆಗಬೇಕಿತ್ತು, ಆಗಲಿಲ್ಲ.

ಕ್ಯಾಸ್ಕ್ ಏಲ್ ಕೂಡ ಹೀಗೇ. ಬ್ರೂವರಿಯಿಂದ ಹೊರಡುವಾಗ ಅದು ಪೂರ್ತಿ ತಯಾರಾಗಿರುವುದಿಲ್ಲ. ಅದನ್ನು ಬಿಗಿಯಾಗಿ ಫಿಲ್ಟರ್ ಮಾಡುವುದಿಲ್ಲ, ಹಾಲಿನ ಹಾಗೆ ಪಾಶ್ಚರೀಕರಿಸುವುದೂ ಇಲ್ಲ. ಒಳಗೆ ಯೀಸ್ಟ್ ಜೀವಂತವಾಗಿರುತ್ತದೆ, ತಿನ್ನಲು ಒಂಚೂರು ಸಕ್ಕರೆಯೂ ಉಳಿದಿರುತ್ತದೆ. ಪೀಪಾಯಿಯೊಳಗೇ ಎರಡನೇ ಸಲ ಹುದುಗುತ್ತದೆ. ಅದರಿಂದ ಹುಟ್ಟುವ ಗ್ಯಾಸ್ ಬಿಯರಿನಲ್ಲೇ ಕರಗಿ ಮೆದುವಾದ ಗುಳ್ಳೆಯಾಗುತ್ತದೆ. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. ಇಂಗ್ಲೆಂಡಿನಲ್ಲಿ ‘ರಿಯಲ್ ಏಲ್’ ಅನ್ನುವುದೂ ಇದನ್ನೇ.

ಕೆಗ್ ಬಿಯರ್ ಇದಕ್ಕೆ ತದ್ವಿರುದ್ಧ. ಸಾಮಾನ್ಯವಾಗಿ ಫಿಲ್ಟರ್ ಮಾಡಿ, ಹಲವು ಬ್ರೂವರಿಗಳಲ್ಲಿ ಪಾಶ್ಚರೀಕರಿಸಿ ಕೂಡ, ಪೂರ್ತಿ ತಯಾರಾದ ಮೇಲೆ ತುಂಬುತ್ತಾರೆ. ಪಬ್ಬಿನಲ್ಲಿ ಗ್ಯಾಸ್ ಸಿಲಿಂಡರಿನ ಒತ್ತಡ ಅದನ್ನು ನಲ್ಲಿಗೆ ತಳ್ಳುತ್ತದೆ. ವಾರಗಟ್ಟಲೆ ಒಂದೇ ರುಚಿ. ಪ್ಯಾಕೆಟ್ ಮೊಸರಿಗೂ ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿಗೂ ಇರುವಷ್ಟು ವ್ಯತ್ಯಾಸ ಅಂದುಕೊಳ್ಳಿ. ಪ್ಯಾಕೆಟ್ಟಿನದು ಯಾವತ್ತೂ ಮೋಸ ಮಾಡುವುದಿಲ್ಲ. ಮನೆಯದು ಒಮ್ಮೊಮ್ಮೆ ಹುಳಿ, ಒಮ್ಮೊಮ್ಮೆ ಅಮೃತ.

ಹಾಗಾಗಿ ಕ್ಯಾಸ್ಕ್ ಏಲ್ ಕುಡಿಯುವಾಗ ನೀವು ಬ್ರೂವರಿಯ ಕೈರುಚಿಯ ಜೊತೆಗೆ ಪಬ್ಬಿನವರ ಕೈರುಚಿಯನ್ನೂ ನೋಡುತ್ತಿರುತ್ತೀರಿ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಕೆಳಗೆ, ನೆಲಮಾಳಿಗೆಯಲ್ಲಿ

ಪಬ್ಬಿನ ಅಡಿಯಲ್ಲಿ ಸಾಮಾನ್ಯವಾಗಿ ಒಂದು ನೆಲಮಾಳಿಗೆ ಇರುತ್ತದೆ. ಅದನ್ನು ಸೆಲ್ಲರ್ ಅನ್ನುತ್ತಾರೆ. ಲಾರಿಯಲ್ಲಿ ಬಂದ ಪೀಪಾಯಿಗಳನ್ನು ಅಲ್ಲಿಗೆ ಇಳಿಸಿ, ಮರದ ಅಥವಾ ಕಬ್ಬಿಣದ ಅಡ್ಡೆಯ ಮೇಲೆ ಮಲಗಿಸಿ, ಅಲ್ಲಾಡದಂತೆ ಬೆಣೆ ಕೊಡುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಅಳತೆ ಫರ್ಕಿನ್: 9 ಗ್ಯಾಲನ್, ಅಂದರೆ 72 ಪೈಂಟ್ (ಪಬ್ಬಿನ ದೊಡ್ಡ ಲೋಟ ಒಂದಕ್ಕೆ ಒಂದು ಪೈಂಟ್), ಸುಮಾರು 41 ಲೀಟರ್. ಅದರ ಅರ್ಧದ್ದು ಪಿನ್, ಎರಡರಷ್ಟಿನದು ಕಿಲ್ಡರ್ಕಿನ್. ಬ್ಯಾರೆಲ್ ಅನ್ನುವ ಮಾತು ಎಲ್ಲ ಪೀಪಾಯಿಗೂ ಓಡುತ್ತದೆ. ಆದರೆ ಲೆಕ್ಕದಲ್ಲಿ ಬ್ಯಾರೆಲ್ ಅಂದರೆ 36 ಗ್ಯಾಲನ್ನಿನದು ಮಾತ್ರ.

ಪೀಪಾಯಿಗೆ ಎರಡು ತೂತು. ಹೊಟ್ಟೆಯ ಮೇಲ್ಭಾಗದಲ್ಲಿ ಒಂದು, ಮುಖದ ಕೆಳಗಡೆ ಒಂದು. ಎರಡಕ್ಕೂ ಬಿರಡೆ ಹಾಕಿರುತ್ತದೆ. ಮೇಲಿನ ಬಿರಡೆಯ ನಡುವಿಗೆ ಸೆಲ್ಲರ್ ನೋಡಿಕೊಳ್ಳುವವರು ಬೆರಳಿನಷ್ಟು ಪುಟ್ಟದೊಂದು ಮರದ ಗೂಟ ಇಟ್ಟು, ಸುತ್ತಿಗೆಯಿಂದ ಒಂದೇಟು ಹೊಡೆಯುತ್ತಾರೆ. ಗೂಟ ಒಳಹೊಕ್ಕ ಕೂಡಲೇ ‘ಸ್ಸ್’ ಅಂತ ಸದ್ದು. ಗೂಟದ ಸುತ್ತ ಬಿಳಿ ನೊರೆ ಉಕ್ಕುತ್ತದೆ. ಪೀಪಾಯಿ ತುಂಬ ಉತ್ಸಾಹದಲ್ಲಿದ್ದರೆ ಗೋಡೆಗೂ ಹಾರುತ್ತದೆ, ಮುಖಕ್ಕೂ ಹಾರುತ್ತದೆ.

ಈ ಗೂಟದ ಹೆಸರು ಸ್ಪೈಲ್. ಎರಡು ಬಗೆ. ಮೆತ್ತನೆಯದು ಸಣ್ಣ ರಂಧ್ರಗಳಿರುವ ಮರ ಅಥವಾ ಬಿದಿರಿನದು, ಅದರ ಮೂಲಕ ಗ್ಯಾಸ್ ನಿಧಾನಕ್ಕೆ ಹೊರಗೆ ಹೋಗುತ್ತದೆ. ಗಟ್ಟಿಯದು ಬಿಗಿಯಾಗಿ ಮುಚ್ಚುತ್ತದೆ. ಕುಕ್ಕರಿನ ವೆಯ್ಟ್ ಹಾಗೆ: ಒಳಗೆ ಒತ್ತಡ ಜಾಸ್ತಿ ಇದ್ದರೆ ಬಿಡಬೇಕು, ಸಾಕಷ್ಟಾದ ಮೇಲೆ ಹಿಡಿದಿಡಬೇಕು. ನೊರೆಯನ್ನು ಆಗಾಗ ಒರೆಸಿ ನೋಡುತ್ತಾರೆ. ಒರೆಸಿದ ತಕ್ಷಣ ಮತ್ತೆ ಬಂದರೆ ಇನ್ನೂ ಕಾಯಬೇಕು. ಬರುವುದು ನಿಧಾನವಾಯಿತೆಂದರೆ ಮೆತ್ತನೆ ಗೂಟ ತೆಗೆದು ಗಟ್ಟಿಯದನ್ನು ಹಾಕುತ್ತಾರೆ. ಮರದ ಸುತ್ತಿಗೆಯಿಂದ ಕೆಳಗಿನ ಬಿರಡೆಗೆ ನಲ್ಲಿ ಬಡಿದು ಕೂರಿಸುತ್ತಾರೆ. ಆಮೇಲೆ ಒಂದೆರಡು ದಿನ ಮುಟ್ಟದೆ ಬಿಡುತ್ತಾರೆ, ಯೀಸ್ಟ್ ಎಲ್ಲ ತಳಕ್ಕೆ ಇಳಿಯಬೇಕು.

ಎಷ್ಟು ದಿನ ಅನ್ನುವುದು ಬಿಯರಿನಿಂದ ಬಿಯರಿಗೆ ಬೇರೆ. ಯಾರ್ಕ್‌ಶೈರಿನ ಕೀತ್ಲಿಯಲ್ಲಿ ತಯಾರಾಗುವ ಟಿಮೊತಿ ಟೇಲರ್ ಲ್ಯಾಂಡ್‌ಲಾರ್ಡ್ ‘ಆತುರಪಡಿಸಬೇಡಿ’ ಅನ್ನುವ ಜಾತಿಯದು. ಅದಕ್ಕೆ ಜಾಸ್ತಿ ದಿನ ಕೊಡುವ ಪಬ್ಬಿನಲ್ಲಿ ಅದರ ಮುಖವೇ ಬೇರೆ.

ನಲ್ಲಿ ತೆರೆದು ಮಾರಲು ಶುರು ಮಾಡಿದ ಮೇಲೆ ಗಡಿಯಾರ ಓಡತೊಡಗುತ್ತದೆ. ಬಿಯರ್ ಹೊರಬಂದಷ್ಟೂ ಆ ಜಾಗಕ್ಕೆ ಮೇಲಿನ ತೂತಿನಿಂದ ಗಾಳಿ ಹೋಗುತ್ತದೆ. ಗಾಳಿ ತಾಗಿದರೆ ಮೊದಮೊದಲು ರುಚಿ ಸ್ವಲ್ಪ ಮೆದುವಾಗುತ್ತದೆ, ಆಮೇಲೆ ಕೆಡುತ್ತದೆ. ಮೂರು ದಿನದೊಳಗೆ ಪೀಪಾಯಿ ಖಾಲಿಯಾಗಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಕರಾವಳಿಯಲ್ಲಿ ಬೆಳಗ್ಗೆ ಇಳಿಸಿದ ಶೇಂದಿ ಸಂಜೆಗೆ ಬೇರೆಯೇ ಆಗಿರುತ್ತದಲ್ವಾ, ಇದೂ ಅದೇ ಸ್ವಭಾವದ್ದು, ಸ್ವಲ್ಪ ನಿಧಾನ ಅಷ್ಟೇ.

ಇಲ್ಲೊಂದು ಲೆಕ್ಕ ಹಾಕಿ ನೋಡಿ. ಫರ್ಕಿನ್ನಿಗೆ 72 ಪೈಂಟ್. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 24. ಹತ್ತು ಬಗೆಯ ಕ್ಯಾಸ್ಕ್ ಇಟ್ಟ ಪಬ್ಬು ದಿನಕ್ಕೆ 240 ಪೈಂಟ್ ಮಾರಬೇಕು. ಹತ್ತು ಹಿಡಿ, ನಾಲ್ಕೇ ಗಿರಾಕಿ ಕಂಡರೆ ಸ್ವಲ್ಪ ಹುಷಾರು. ಎರಡೇ ಹಿಡಿ ಇದ್ದು ಜನ ತುಂಬಿದ್ದರೆ ಧೈರ್ಯವಾಗಿ ಕೇಳಬಹುದು. ಊಟದ ಹೋಟೆಲಿಗೂ ನಾವು ಇದೇ ಲೆಕ್ಕ ತಾನೆ ಹಾಕೋದು?

ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆ

ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಅದಕ್ಕೇ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ. ಬಗ್ಗಡದ ನೀರಿಗೆ ಪಟಿಕ ಹಾಕಿದರೆ ಕೊಳೆ ತಳಕ್ಕೆ ಕೂರುತ್ತದೆ. ಹಾಗೆಯೇ ಯೀಸ್ಟ್ ಬೇಗ ಕೂರಲಿ ಅಂತ ಕ್ಯಾಸ್ಕಿಗೆ ಒಂದು ಪದಾರ್ಥ ಹಾಕುತ್ತಾರೆ. ಅದರ ಹೆಸರು ಐಸಿಂಗ್ಲಾಸ್. ಅದನ್ನು ತೆಗೆಯುವುದು ಮೀನಿನ ಗಾಳಿಚೀಲದಿಂದ.

ಕೆಲಸ ಮಾಡುವ ರೀತಿ ಸರಳ. ಐಸಿಂಗ್ಲಾಸ್ ಕಣಗಳಲ್ಲಿ ಧನ ವಿದ್ಯುತ್ತು, ಯೀಸ್ಟ್ ಕಣಗಳಲ್ಲಿ ಋಣ. ಒಂದನ್ನೊಂದು ಎಳೆದುಕೊಂಡು ಗಂಟಾಗಿ ಭಾರಕ್ಕೆ ಕೆಳಗಿಳಿಯುತ್ತವೆ. ಬಹುಪಾಲು ತಳದಲ್ಲೇ ಉಳಿಯುತ್ತದೆ, ಆದರೆ ಒಂಚೂರೂ ಲೋಟಕ್ಕೆ ಬರುವುದಿಲ್ಲ ಅಂತ ಹೇಳಲಾಗದು. ‘ನಾನು ಮೀನು ಮುಟ್ಟುವುದಿಲ್ಲ’ ಅನ್ನುವವರು ಕೌಂಟರಿನಲ್ಲಿ ‘ಇದು ವೀಗನ್ನಾ?’ ಅಥವಾ ‘ಅನ್‌ಫೈನ್ಡ್ ಇದೆಯಾ?’ ಅಂತ ಕೇಳಬೇಕು. ಅನ್‌ಫೈನ್ಡ್ ಅಂದರೆ ಐಸಿಂಗ್ಲಾಸ್ ಹಾಕದ್ದು. ಅದು ಸ್ವಲ್ಪ ಮಬ್ಬಾಗಿರಬಹುದು. ಬ್ರಿಸ್ಟಲ್‌ನ ಮೂರ್ ಬ್ರೂವರಿ ಇಂಥದ್ದಕ್ಕೇ ಹೆಸರು ಮಾಡಿದೆ. ಇತ್ತೀಚೆಗೆ ಇನ್ನೂ ಹಲವರು ಐಸಿಂಗ್ಲಾಸ್ ಬಿಡುತ್ತಿದ್ದಾರೆ. ‘ವೀಗನ್ನಾ’ ಅಂತ ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

‘ಬೆಚ್ಚಗೆ, ಚಪ್ಪೆ’ ಅನ್ನುವ ದೂರು

ಇಂಗ್ಲಿಷರ ಬಿಯರ್ ಬೆಚ್ಚಗೆ, ಗುಳ್ಳೆಯಿಲ್ಲದೆ ಚಪ್ಪೆ ಅಂತ ಪ್ರಪಂಚವೆಲ್ಲ ಗೇಲಿ ಮಾಡುತ್ತದೆ. ಎರಡೂ ಪೂರ್ತಿ ನಿಜವಲ್ಲ.

ಕ್ಯಾಸ್ಕ್ ಏಲ್ ಇರಬೇಕಾದದ್ದು 11ರಿಂದ 13 ಡಿಗ್ರಿಯಲ್ಲಿ. ಬೆಂಗಳೂರಿನ ಡಿಸೆಂಬರ್ ಬೆಳಗಿನ ಜಾವಕ್ಕಿಂತ ತಣ್ಣಗೆ. ಫ್ರಿಜ್ಜಿನ ಲಾಗರ್ 3–5 ಡಿಗ್ರಿಯಲ್ಲಿರುವುದರಿಂದ ಅದರ ಮುಂದೆ ಇದು ಬೆಚ್ಚಗೆ ಅನ್ನಿಸುತ್ತದೆ. ಇಷ್ಟೇ ತಂಪು ಯಾಕೆ ಅಂದರೆ, ಜಾಸ್ತಿ ತಣ್ಣಗಾದರೆ ನಾಲಿಗೆ ಮರಗಟ್ಟುತ್ತದೆ, ಪರಿಮಳ ಮೇಲೇಳುವುದಿಲ್ಲ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮಾವಿನ ಹಣ್ಣನ್ನು ನೆನಪಿಸಿಕೊಳ್ಳಿ. ಬಾದಾಮಿಯೋ ಮಲಗೋಬವೋ ಗೊತ್ತೇ ಆಗುವುದಿಲ್ಲ, ಬರೀ ತಣ್ಣಗೆ ಸಿಹಿ. ಹಾಗಂತ ನಿಜವಾಗಿಯೂ ಬೆಚ್ಚಗಿದ್ದರೆ, 18–20 ಡಿಗ್ರಿ ಇದ್ದರೆ, ಅದು ಪಬ್ಬಿನವರ ತಪ್ಪು. ಬೇಸಿಗೆಯ ಬಿಸಿಯಲ್ಲಿ ಕೆಲವು ಕಡೆ ಹಾಗಾಗುತ್ತದೆ.

ಗುಳ್ಳೆಯದೂ ಹೀಗೇ ಒಂದು ಲೆಕ್ಕ. ಒಂದು ಲೀಟರ್ ಕ್ಯಾಸ್ಕ್ ಏಲ್‌ನಲ್ಲಿ ಒಂದು ಲೀಟರಿಗಿಂತ ತುಸು ಜಾಸ್ತಿ ಗ್ಯಾಸ್ ಕರಗಿರುತ್ತದೆ. ಲಾಗರ್‌ನಲ್ಲಿ ಸುಮಾರು ಎರಡೂವರೆ ಲೀಟರ್. ಕಡಿಮೆ ಇದೆ, ಇಲ್ಲವೇ ಇಲ್ಲ ಅಂತಲ್ಲ. ಚೆನ್ನಾಗಿರುವ ಕ್ಯಾಸ್ಕ್ ಏಲ್ ನಾಲಿಗೆಯ ಮೇಲೆ ಚುಚ್ಚುವುದಿಲ್ಲ, ಮೆಲ್ಲಗೆ ಚುರುಗುಟ್ಟುತ್ತದೆ. ಆ ಚುರುಕೂ ಇಲ್ಲದೆ ನೀರಿನಂತಿದ್ದರೆ ಆಗ ಅದು ನಿಜಕ್ಕೂ ಚಪ್ಪೆ.

ಆ ಉದ್ದನೆಯ ಹಿಡಿ

ಕೌಂಟರಿನ ಮೇಲಿನ ಹಿಡಿ ಹ್ಯಾಂಡ್‌ಪಂಪಿನದು. ಬೋರಿಂಗ್ ಪಂಪು ಹೊಡೆದು ನೀರು ಎತ್ತುವ ಹಾಗೆಯೇ. ಹಿಡಿ ಎಳೆದಾಗ ಪಂಪಿನ ಸಿಲಿಂಡರ್ ನೆಲಮಾಳಿಗೆಯ ಪೀಪಾಯಿಯಿಂದ ಬಿಯರನ್ನು ಹೀರಿ ಮೇಲೆ ತರುತ್ತದೆ. ಗ್ಯಾಸಿನ ಒತ್ತಡ ಇಲ್ಲ, ಬರೀ ತೋಳಬಲ. ಒಂದು ನಿಧಾನದ ಎಳೆತಕ್ಕೆ ಸುಮಾರು ಅರ್ಧ ಪೈಂಟ್. ಇದರ ಸುಧಾರಿಸಿದ ರೂಪಕ್ಕೆ ಜೋಸೆಫ್ ಬ್ರಾಮಾ 1797ರಲ್ಲಿ ಪೇಟೆಂಟ್ ಪಡೆದ.

ನಲ್ಲಿಯ ತುದಿಯಲ್ಲಿ ಒಮ್ಮೊಮ್ಮೆ ಸಣ್ಣ ತೂತುಗಳ ಒಂದು ಮುಚ್ಚಳ ಇರುತ್ತದೆ. ಇದು ಸ್ಪಾರ್ಕ್ಲರ್. ಬಿಯರ್ ಆ ತೂತುಗಳಿಂದ ನುಗ್ಗಿ ಬರುವಾಗ ಕಲಕಿ, ಮೇಲೆ ಕೆನೆಯಂಥ ದಪ್ಪ ನೊರೆ ಕಟ್ಟುತ್ತದೆ. ಮೀಟರ್ ಕಾಫಿಯನ್ನು ಮೇಲಿನಿಂದ ಕೆಳಗೆ ಎತ್ತಿ ಹೊಯ್ದು ನೊರೆ ಬರಿಸುವ ಉಪಾಯವೇ ಇದೂ. ಯಾರ್ಕ್‌ಶೈರ್ ಕಡೆ, ಒಟ್ಟಾರೆ ಉತ್ತರ ಇಂಗ್ಲೆಂಡಿನಲ್ಲಿ, ಇದಿಲ್ಲದೆ ಬಿಯರ್ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಲಂಡನ್ನಿನ ಕಡೆ ಅದನ್ನು ಹಾಕಿದರೆ ‘ಗುಳ್ಳೆಯೆಲ್ಲ ಹೊಡೆದು ಓಡಿಸಿದಿರಿ’ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಸ್ಪಾರ್ಕ್ಲರ್ ಹಾಕಿದರೆ ಬಾಯಿಗೆ ನುಣುಪು, ಕಹಿ ಸ್ವಲ್ಪ ತಗ್ಗುತ್ತದೆ, ಗ್ಯಾಸೂ ಒಂದಷ್ಟು ಹೋಗುತ್ತದೆ. ಮುದ್ದೆ-ರೊಟ್ಟಿ ಜಗಳದ ಹಾಗೆ ಇದು ಬಗೆಹರಿಯುವುದಿಲ್ಲ.

ಹ್ಯಾಂಡ್‌ಪಂಪ್ ಇದ್ದ ಮಾತ್ರಕ್ಕೆ ಕ್ಯಾಸ್ಕ್ ಅಂತಲೂ ಅಲ್ಲ. 2024ರಲ್ಲಿ ಒಂದು ದೊಡ್ಡ ಕಂಪನಿ ಕೆಗ್ಗಿನಲ್ಲಿ ತುಂಬಿದ ಏಲ್ ಅನ್ನು ಹ್ಯಾಂಡ್‌ಪಂಪಿನಿಂದ ಕೊಡಲು ಶುರು ಮಾಡಿದಾಗ ಗದ್ದಲವೇ ಆಯಿತು. ಇನ್ನೊಂದು ಕಡೆ, ಪಂಪೇ ಇಲ್ಲದೆ ಕೌಂಟರಿನ ಹಿಂದೆ ಮಲಗಿಸಿದ ಪೀಪಾಯಿಯ ನಲ್ಲಿಗೆ ನೇರ ಲೋಟ ಹಿಡಿಯುವ ಹಳೇ ಪಬ್ಬುಗಳೂ ಇವೆ.

ಉಳಿದದ್ದು ಹೇಗೆ?

1960ರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ಬ್ರೂವರಿಗಳಿಗೆ ಕ್ಯಾಸ್ಕ್ ತಲೆನೋವಾಯಿತು. ಪ್ರತಿ ಪಬ್ಬಿನಲ್ಲೂ ನುರಿತವರು ಬೇಕು, ಮೂರೇ ದಿನದಲ್ಲಿ ಕೆಡುತ್ತದೆ, ಎರಡು ಕಡೆ ರುಚಿ ಒಂದೇ ಇರುವುದಿಲ್ಲ. ಕೆಗ್ ಇದ್ದರೆ ಈ ರಗಳೆ ಇಲ್ಲ. ವಾಟ್ನಿಸ್ ರೆಡ್ ಬ್ಯಾರೆಲ್‌ನಂಥ ಕೆಗ್ ಬಿಯರ್‌ಗಳು ಎಲ್ಲೆಲ್ಲೂ ಬಂದವು, ಪೀಪಾಯಿಗಳು ಮಾಯವಾಗತೊಡಗಿದವು.

1971ರಲ್ಲಿ ಇಂಗ್ಲೆಂಡಿನ ವಾಯವ್ಯ ಭಾಗದ ನಾಲ್ವರು ಯುವಕರು ಐರ್ಲೆಂಡಿಗೆ ರಜೆಗೆ ಹೋಗಿದ್ದಾಗ ಕೆರಿ ಕೌಂಟಿಯ ಒಂದು ಬಾರಿನಲ್ಲಿ ಕೂತು ಒಂದು ಸಂಘ ಕಟ್ಟಿದರು. ಅದೇ ಕ್ಯಾಮ್ರಾ. ಪೂರ್ತಿ ಹೆಸರು ಕ್ಯಾಂಪೇನ್ ಫಾರ್ ರಿಯಲ್ ಏಲ್. ಮೊದಲು ತಮಾಷೆಗೆ ಅನ್ನುವ ಹಾಗಿತ್ತು, ಆಮೇಲೆ ಗ್ರಾಹಕರ ದೊಡ್ಡ ಚಳವಳಿಯೇ ಆಯಿತು. ‘ರಿಯಲ್ ಏಲ್’ ಅನ್ನುವ ಮಾತು ಬಳಕೆಗೆ ಬಂದದ್ದು ಅವರಿಂದ. ಚೆನ್ನಾದ ಪಬ್ಬುಗಳ ಪಟ್ಟಿ ಮಾಡಿದರು, ಬಿಯರ್ ಜಾತ್ರೆ ನಡೆಸಿದರು, ಕಂಪನಿಗಳ ಜೊತೆ ಜಗಳ ಆಡಿದರು. ಕ್ಯಾಸ್ಕ್ ಉಳಿಯಿತು. ಈಗಲೂ ಪಬ್ಬಿನ ಒಟ್ಟು ಮಾರಾಟದಲ್ಲಿ ಲಾಗರಿನದೇ ಮೇಲುಗೈ.

ಬೋರ್ಡ್ ಓದುವುದು

ಹಿಡಿಗೆ ಸಿಕ್ಕಿಸಿದ ಫಲಕವನ್ನು ಪಂಪ್ ಕ್ಲಿಪ್ ಅನ್ನುತ್ತಾರೆ. ಅದರಲ್ಲಿ ಹೆಸರು, ಬಗೆ, ಆಲ್ಕೋಹಾಲ್ ಪ್ರಮಾಣ ಇರುತ್ತದೆ.

ಬಿಟರ್ ಅಂದರೆ ತಾಮ್ರದ ಬಣ್ಣದ ದಿನಬಳಕೆಯ ಏಲ್, ಸಾಮಾನ್ಯವಾಗಿ ಶೇ. 3.5ರಿಂದ 4.5. ಹೆಸರು ಕೇಳಿ ಹಾಗಲಕಾಯಿ ಅಂದುಕೊಳ್ಳಬೇಡಿ. ಸಕ್ಕರೆ ಹಾಕದ ಫಿಲ್ಟರ್ ಕಾಫಿಗಿಂತ ಕಹಿ ಕಡಿಮೆ. ಇದರಲ್ಲೇ ಸ್ವಲ್ಪ ಗಟ್ಟಿಯದು ಬೆಸ್ಟ್ ಬಿಟರ್. ಸಸೆಕ್ಸಿನ ಲ್ಯೂಯಿಸ್ ಊರಿನ ಹಾರ್ವೀಸ್ ಬೆಸ್ಟ್ ಶೇ. 4, ಲಂಡನ್ನಿನ ಚಿಸಿಕ್‌ನ ಲಂಡನ್ ಪ್ರೈಡ್ ಶೇ. 4.1, ಲ್ಯಾಂಡ್‌ಲಾರ್ಡ್ ಶೇ. 4.3. ಮೊದಲ ಸಲಕ್ಕೆ ಈ ಮೂರರಲ್ಲಿ ಯಾವುದು ಸಿಕ್ಕರೂ ಒಳ್ಳೆಯದೇ. ಮೈಲ್ಡ್ ಹೆಚ್ಚಾಗಿ ಕಪ್ಪು, ಕಹಿ ಕಡಿಮೆ. ಗೋಲ್ಡನ್ ಏಲ್ ಹಳದಿ, ಲಾಗರ್ ಕುಡಿಯುವವರಿಗೆ ಹತ್ತಿರದ ಮೆಟ್ಟಿಲು. ಪೋರ್ಟರ್ ಮತ್ತು ಸ್ಟೌಟ್ ಕಪ್ಪಗೆ ಹುರಿದ ಮಾಲ್ಟಿನವು, ಕಾಫಿಪುಡಿಯ ವಾಸನೆ.

ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಹೌದು, ಆ ಇಂಡಿಯಾ ನಮ್ಮದೇ. ಇಲ್ಲಿದ್ದ ಕಂಪನಿ ಸರ್ಕಾರದ ಸಾಹೇಬರಿಗೆ ಹಡಗಿನಲ್ಲಿ ಬರುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಬಿಯರ್ ಅದು. ಮೊದಲು ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿಯದು ಜೋರಾಗಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್, ಬಾಸ್ ಬ್ರೂವರಿಗಳು ಪೈಪೋಟಿಗೆ ಬಂದವು. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಮ್ ಜಾಸ್ತಿ, ಅದರಿಂದ ಹಾಪ್ಸಿನ ಕಹಿ ಚುರುಕಾಗಿ ಎದ್ದು ಕಾಣುತ್ತದೆ. ಇಂಡಿಯಾ ಪ್ರಯಾಣಕ್ಕೆಂದೇ ಒಬ್ಬನು ಕುಳಿತು ಕಂಡುಹಿಡಿದ ಬಿಯರ್ ಅನ್ನುವ ಕತೆ ಮಾತ್ರ ಚಂದಕ್ಕೆ ಕಟ್ಟಿದ್ದು. ಪೇಲ್ ಏಲ್ ಮೊದಲೇ ಇತ್ತು, ಬಿಸಿ ದೇಶಕ್ಕೆ ಕಳಿಸುವುದಕ್ಕೆ ಹಾಪ್ಸ್ ಜಾಸ್ತಿ ಹಾಕುವ ರೂಢಿಯೂ ಇತ್ತು. ಬೆಂಗಳೂರಿಗೂ ಬಿಯರ್ ತಯಾರಿಕೆ ಬಂದದ್ದು ದಂಡಿನವರ ಜೊತೆಗೇ. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ.

ಈಗ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ತಾಜಾ ಏಲ್ ಸಿಗುತ್ತದೆ. ಆದರೆ ಅದು ಸಾಮಾನ್ಯವಾಗಿ ತಣ್ಣಗಿನ ಟ್ಯಾಂಕಿನಿಂದ ಗ್ಯಾಸಿನ ಒತ್ತಡದಲ್ಲಿ ಬರುವುದು. ಕ್ಯಾಸ್ಕಿನ ಜಾತಿ ಬೇರೆ.

ಕೌಂಟರಿನಿಂದ ಗುಟುಕಿನವರೆಗೆ

ಟೇಬಲ್ಲಿನಲ್ಲಿ ಕೂತು ಕಾದರೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಕೌಂಟರಿಗೆ ಹೋಗಿ, ಕೇಳಿ, ಅಲ್ಲೇ ದುಡ್ಡು ಕೊಡಬೇಕು. ಸಾಲು ಕಾಣದಿದ್ದರೂ ಯಾರು ಮೊದಲು ಬಂದರು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. 18 ವರ್ಷ ಆಗಿರಬೇಕು. 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ.

ಪೈಂಟ್ ಅಂದರೆ 568 ಮಿ.ಲೀ. ಮೊದಲಿಗೆ ಅರ್ಧ ಪೈಂಟ್ ಸಾಕು. ‘ಸ್ವಲ್ಪ ರುಚಿ ನೋಡಬಹುದಾ?’ ಅಂತ ಕೇಳಿದರೆ ಸಾಮಾನ್ಯವಾಗಿ ಪುಟ್ಟ ಲೋಟದಲ್ಲಿ ಒಂದು ಗುಟುಕು ಪುಕ್ಕಟೆ ಕೊಡುತ್ತಾರೆ. ಜನ ಕಾಯುತ್ತಿರುವಾಗ ಸಾಲಾಗಿ ಆರು ಬಗೆ ಕೇಳುವುದು ಮಾತ್ರ ಬೇಡ.

ಲೋಟ ಕೈಗೆ ಬಂದ ಮೇಲೆ ಒಂದು ಕ್ಷಣ ಬೆಳಕಿಗೆ ಹಿಡಿಯಿರಿ. ಅನ್‌ಫೈನ್ಡ್ ಅಲ್ಲದಿದ್ದರೆ ಜೇನಿನ ಹಾಗೆ ತಿಳಿಯಾಗಿರಬೇಕು. ಆಮೇಲೆ ಮೂಸಿ. ಮುಜುಗರ ಬೇಡ, ಅಲ್ಲಿ ಎಲ್ಲರೂ ಮೂಸುತ್ತಾರೆ. ಬಿಟರ್ ಆದರೆ ಮೊದಲು ಮಾಲ್ಟಿನ ವಾಸನೆ: ಬಿಸ್ಕತ್ತು, ಸುಟ್ಟ ಬ್ರೆಡ್ಡಿನ ಅಂಚು, ಕೆಲವೊಮ್ಮೆ ಬೆಲ್ಲದ ಪಾಕ ಸ್ವಲ್ಪ ಜಾಸ್ತಿ ಕಾದಂತೆ. ಅದರ ಹಿಂದೆ ಹಾಪ್ಸ್. ಇಂಗ್ಲೆಂಡಿನ ಹಳೇ ಹಾಪ್ಸುಗಳಲ್ಲಿ ಫಗಲ್ ಮಣ್ಣಿನ, ಒದ್ದೆ ಹುಲ್ಲಿನ ಕಡೆಯದು. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹೂವು, ಜೇನು, ಕಿತ್ತಳೆ ಸಿಪ್ಪೆಯ ಕಡೆಯದು. ಯೀಸ್ಟಿನಿಂದ ಸೇಬು, ಪೇರಲದಂಥ ಹಣ್ಣಿನ ನೆರಳು.

ಗುಟುಕು ದೊಡ್ಡದಿರಲಿ. ವೈನ್ ರುಚಿ ನೋಡುವವರು ಉಗುಳುತ್ತಾರೆ, ಬಿಯರನ್ನು ನುಂಗುತ್ತಾರೆ. ಯಾಕೆಂದರೆ ಹಾಪ್ಸಿನ ಕಹಿ ಪೂರ್ತಿ ತಿಳಿಯುವುದು ಗಂಟಲಿಗೆ ಇಳಿಯುವಾಗ. ಮೊದಲು ನಾಲಿಗೆಗೆ ಮಾಲ್ಟಿನ ಮೆದು ಸಿಹಿ ಬರುತ್ತದೆ, ನಡುವೆ ಹಣ್ಣು, ಕೊನೆಗೆ ಕಹಿ ಎದ್ದು ಬಾಯಿ ಒಣಗಿಸುತ್ತದೆ. ಅಡಿಕೆಯ ಒಗರಿನ ಹಾಗೆ ಅದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಒಣಗಿಸುವಿಕೆಯೇ ಇನ್ನೊಂದು ಗುಟುಕು ಕೇಳುವುದು. ಒಳ್ಳೇ ಬಿಟರಿನ ಗುಟ್ಟೇ ಇದು ಅಂತ ನನ್ನ ಅನಿಸಿಕೆ. ಮೊದಲ ಗುಟುಕಿಗೆ ಅದು ಬೆರಗು ಮಾಡುವುದಿಲ್ಲ, ಲೋಟದ ನಡುವಿಗೆ ಬರುವಾಗ ಹಿಡಿದುಕೊಂಡಿರುತ್ತದೆ. ಕುಡಿದಂತೆ ಲೋಟದ ಒಳಗೋಡೆಯಲ್ಲಿ ನೊರೆ ಒಂದೊಂದು ಗೆರೆ ಬಿಡುತ್ತ ಇಳಿದರೆ, ಬಿಯರೂ ಚೆನ್ನಾಗಿದೆ, ಲೋಟವೂ ಚೊಕ್ಕಟ ಅಂತ.

ಶೇ. 4ರ ಒಂದು ಪೈಂಟಿನಲ್ಲಿ ಸುಮಾರು 23 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ, ಬ್ರಿಟನ್ನಿನ ಲೆಕ್ಕದಲ್ಲಿ 2.3 ಯೂನಿಟ್. ವಾರಕ್ಕೆ 14 ಯೂನಿಟ್ ಮೀರಬೇಡಿ ಅನ್ನುವುದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಅಂದರೆ ಆರು ಪೈಂಟ್. ಗಾಡಿ ಓಡಿಸುವುದಿದ್ದರೆ ಸುಮ್ನೆ ನಿಂಬೆ ಸೋಡಾ ತಗೊಳ್ಳಿ.

ಕೆಟ್ಟಿದೆ ಅಂತ ತಿಳಿಯುವುದು ಹೇಗೆ?

ವಿನಿಗರಿನ ಹುಳಿ ವಾಸನೆ ಬಂದರೆ ಪೀಪಾಯಿಗೆ ಗಾಳಿ ಜಾಸ್ತಿ ತಾಗಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಹಳತಾಗಿದೆ. ಅನ್‌ಫೈನ್ಡ್ ಅಲ್ಲದ್ದು ಕೆಸರು ನೀರಿನಂತಿದ್ದರೆ ಒಂದೋ ತಳ ಕೂರುವ ಮೊದಲೇ ಮಾರುತ್ತಿದ್ದಾರೆ, ಇಲ್ಲವೇ ಪೀಪಾಯಿಯ ಕೊನೆ ಬಂದಿದೆ. ಬೆಣ್ಣೆಯ ವಾಸನೆ ಜಗಳಗಂಟ ವಿಷಯ. ಕೆಲವು ಬ್ರೂವರಿಗಳಲ್ಲಿ ಒಂಚೂರು ಇರುವುದು ವಾಡಿಕೆ, ಜಾಸ್ತಿಯಾದರೆ ದೋಷ.

ಕೆಟ್ಟಿದ್ದರೆ ವಾಪಸ್ ಕೊಡಬಹುದು. ನಮ್ಮವರು ಇಲ್ಲೇ ಹಿಂಜರಿಯುವುದು. ಒಮ್ಮೆ ಒಂದು ಪಬ್ಬಿನಲ್ಲಿ ನಾನು ಹುಳಿಯಾದ ಅರ್ಧ ಪೈಂಟನ್ನು ‘ಇದರ ರುಚಿಯೇ ಹೀಗಿರಬೇಕು’ ಅಂತ ಕಷ್ಟಪಟ್ಟು ಮುಗಿಸಿದ್ದೆ. ಪಕ್ಕದಲ್ಲಿದ್ದ ಅಜ್ಜ ಒಂದೇ ಗುಟುಕು ಕುಡಿದು ಲೋಟವನ್ನು ಕೌಂಟರಿನ ಮೇಲೆ ಮೆಲ್ಲಗೆ ತಳ್ಳಿದರು. ‘ಇದು ಹೋಗಿದೆ ಕಣಮ್ಮ’ ಅನ್ನುವ ಧಾಟಿಯಲ್ಲಿ ಏನೋ ಅಂದರು. ಹುಡುಗಿ ಮೂಸಿ ನೋಡಿ, ಕ್ಷಮೆ ಕೇಳಿ, ಬೇರೆ ಹಿಡಿ ಎಳೆದು ಹೊಸ ಪೈಂಟ್ ಕೊಟ್ಟಳು. ದುಡ್ಡು ಕೇಳಲಿಲ್ಲ. ಇಷ್ಟವಾಗದ್ದಕ್ಕೂ ಕೆಟ್ಟಿದ್ದಕ್ಕೂ ವ್ಯತ್ಯಾಸ ಇದೆ. ಇಷ್ಟವಾಗದ್ದಕ್ಕೆ ಬದಲಿ ಕೇಳುವುದು ಸರಿಯಲ್ಲ, ಅದಕ್ಕೇ ಮೊದಲು ರುಚಿ ನೋಡಿ ಅಂದದ್ದು.

ಆಮೇಲೆ ಆಕೆ ಮೊದಲಿನ ಹಿಡಿಯ ಪಂಪ್ ಕ್ಲಿಪ್ಪನ್ನು ಹಿಂದುಮುಂದಾಗಿ ತಿರುಗಿಸಿಟ್ಟಳು. ಪಬ್ಬಿನಲ್ಲಿ ಹೆಸರಿನ ಬದಲು ಕ್ಲಿಪ್ಪಿನ ಬೆನ್ನು ನಿಮ್ಮ ಕಡೆ ಇದ್ದರೆ ಆ ಪೀಪಾಯಿ ಮುಗಿದಿದೆ, ಇಲ್ಲವೇ ಕೆಟ್ಟಿದೆ ಅಂತ ಅರ್ಥ. ಮುಂದಿನದು ಕೆಳಗೆ ಮಲಗಿತ್ತು, ಇನ್ನೂ ಕೂತಿರಲಿಲ್ಲ. ‘ಭಾನುವಾರ ಬನ್ನಿ’ ಅಂದಳು.